ಕೊನೆಯ ಕಂತಿನ ಕ್ಯಾಸೆಟ್

"ಮುಧೋಳದ ಅಮೇಯ ನೀವೇ ಏನ್ರೀ?"

"ಹೌದ್ರಿ... ಧನಶ್ರೀ! ಫೋಟೋದಾಗ ನೋಡಿದ್ದಕ್ಕಿಂತ..."

"ಒಳಗ ನಡೀರಿ. ಎಲ್ಲಾರೂ ಕಾಯಾಕತ್ತಾರ."

ಧನಶ್ರೀ ನಕ್ಕಳು. ಎದೆಯೊಳಗೆ ಮಾತ್ರ ಕೆಂಡ!

ಜಮಖಂಡಿಯ ಆ ಸಣ್ಣ ಸಭಾಂಗಣದಲ್ಲಿ ಹಳೆಯ ಜಪಾನಿ ಕಾರ್ಟೂನುಗಳ ಹುಚ್ಚಿದ್ದ ಇಪ್ಪತ್ತು ಜನ ಸೇರಿದ್ದರು. ಹಳೆಯ ವಿಡಿಯೊ ಕ್ಯಾಸೆಟ್ಟುಗಳಲ್ಲಿ ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಿ ಹಂಚಿಕೊಳ್ಳುವ ಬಳಗ. ಹತ್ತು ವರ್ಷಗಳ ಹಿಂದೆ ಅದನ್ನು ಕಟ್ಟಿದವನು ಅಮೇಯ.

ಧನಶ್ರೀಯ ಬಳಿ ಇದ್ದದ್ದು ಒಂದೇ ಕ್ಯಾಸೆಟ್. ಏಳನೆಯ ವಯಸ್ಸಿನಲ್ಲಿ ಅವಳು ಕಾಮಾಲೆಯಾಗಿ ಮಲಗಿದ್ದಾಗ ಅಪ್ಪ ನಂದಕಿಶೋರ ಟಿವಿ ಮುಂದೆ ಕೂತು ರೆಕಾರ್ಡ್ ಮಾಡಿಟ್ಟಿದ್ದ, ಅವಳ ಮೆಚ್ಚಿನ ಕಾರ್ಟೂನಿನ ಕೊನೆಯ ಕಂತು. ಅಪ್ಪ ಈಗಿಲ್ಲ. ಆ ಕಂತೂ ಬೇರೆಲ್ಲೂ ಉಳಿದಿರಲಿಲ್ಲ.

ಬೂಸ್ಟು ಹಿಡಿದಿದ್ದ ಅದನ್ನು "ಸ್ವಚ್ಛ ಮಾಡಿ ಕೊಡ್ತೇನ್ರಿ" ಎಂದ ಅಮೇಯನನ್ನು ನಂಬಿ ಬಸ್ಸಿನಲ್ಲಿ ಕಳಿಸಿದ್ದಳು. ದಿನವೂ ಫೋನು, ಮೆಸೇಜು... ಎದುರಾಎದುರು ಭೇಟಿಯಾಗದೆಯೇ ಮನಸ್ಸು ಅವನ ಕಡೆ ವಾಲಿತ್ತು.

ಒಂದು ದಿನ ಅದೇ ಕಂತು ಇಂಟರ್ನೆಟ್ಟಿನಲ್ಲಿ ಕಂಡಿತು. ಯಾರದೋ ಸುಳ್ಳು ಹೆಸರು, "ನಮ್ಮ ಮನೆಯ ಸಂಗ್ರಹ" ಎಂಬ ಬರಹ ಬೇರೆ! 'ಕ್ಯಾಸೆಟ್ ಏನಾತ್ರಿ?' ಎಂದು ಕೇಳಿದಾಗಲೆಲ್ಲ ಅಮೇಯನದು ಒಂದೇ ಉತ್ತರ: "ಇನ್ನೂ ಸ್ವಚ್ಛ ಆಗಾಕತ್ತೈತ್ರಿ."

'ಕಳ್ಳ! ಎಲ್ಲರೆದುರು ಇವನ ಮಾನ ಕಳೆಯದಿದ್ದರೆ ನಾನು ನಂದಕಿಶೋರನ ಮಗಳೇ ಅಲ್ಲ!'

ಎರಡು ತಿಂಗಳು ಸಿಹಿಯಾಗಿ ಮಾತಾಡುತ್ತಲೇ ಈ ಸಭೆ ಕೂಡಿಸಿದ್ದಳು. ಈಗ ಪರದೆಯ ಮೇಲೆ ಎರಡು ವಿಡಿಯೊ ಓಡಿಸಿದಳು.

"ಇದು ಕ್ಯಾಸೆಟ್ ಕಳಸೂಕಿಂತ ಮೊದಲ ನಾ ಮೊಬೈಲ್‌ನಾಗ ಹಿಡದಿದ್ದು. ಕೆಳಗ ನಮ್ಮ ಜಮಖಂಡಿ ಕೇಬಲ್‌ದವರ ಜಾಹೀರಾತು ಓಡಾಕತ್ತೈತಿ. ಇದು ಇಂಟರ್ನೆಟ್‌ದಾಗಿಂದು. ಅದ ಚಿತ್ರ, ಕ್ಯಾಸೆಟ್ ಹಾಳಾಗಿ ಬಿದ್ದ ಅದ ಗೆರಿ. ಆ ಪಟ್ಟಿ ಮಾತ್ರ ಕತ್ತರಿಸ್ಯಾರ! ಅಮೇಯ ಅವರ, ಕ್ಯಾಸೆಟ್ ಯಾರ ಕೈಗೆ ಕಳಿಸಿದ್ದೆ ನಾ?"

ಅವನ ಮುಖ ಬಿಳಿಚಿತು.

"ನನ್ನ ಕೈಗೆ... ತಪ್ಪು ನಂದ ಐತ್ರಿ."

ತಲೆ ತಗ್ಗಿಸಿ ಹೊರನಡೆದ. ಅಂದೇ ಬಳಗದಿಂದ ಅವನ ಹೆಸರು ತೆಗೆದರು. ಧನಶ್ರೀ ಗೆದ್ದಿದ್ದಳು! ಆದರೂ ರಾತ್ರಿ ಅವನ ಹಳೆಯ ಮೆಸೇಜುಗಳನ್ನೇ ಮತ್ತೆ ಮತ್ತೆ ಓದಿದಳು...

ನಾಲ್ಕನೆಯ ದಿನ ಬಳಗದ ಗೆಳತಿ, ಬೀಳಗಿಯ ಕಾವ್ಯಳ ಫೋನು.

"ಧನು, ಘಾತ ಆತು! ರಬಕವಿಯಾಗ ಕ್ಯಾಸೆಟ್ ರಿಪೇರಿ ಮಾಡ್ತಾನಲ್ಲ ಗುರುಪಾದ, ಅಂವ ಇಂಟರ್ನೆಟ್‌ದಾಗ ಹಾಕ್ಯಾನ ಅದನ್ನ. ನನ್ನ ಮುಂದನ ಒಪ್ಪಿಕೊಂಡ. ಅಮೇಯ ಸ್ವಚ್ಛ ಮಾಡಾಕ ಅವನ ಕಡೆ ಕೊಟ್ಟಿದ್ನಂತ. ಎಷ್ಟು ಅಡ್ಡಾಡಿದ್ರೂ ವಾಪಸ್ ಕೊಡಲಿಲ್ಲಂತ. ನಿನ್ನೆ ಅಮೇಯ ಜಗಳಾಡಿ ಇಸಗೊಂಡ ಹೋಗ್ಯಾನ."

ಧನಶ್ರೀ ಮೊದಲು ಬಳಗಕ್ಕೆ ಎಲ್ಲ ಬರೆದಳು: 'ಕಳ್ಳ ಅಮೇಯ ಅಲ್ಲ. ವಿಚಾರಿಸದೆ ಅವರ ಮಾನ ಕಳೆದವಳು ನಾನು.' ನಂತರ ಮುಧೋಳದ ಬಸ್ಸು ಹತ್ತಿದಳು.

ಬಾಗಿಲು ತೆರೆದ ಅಮೇಯ ಕ್ಯಾಸೆಟ್ ಚಾಚಿದ.

"ಅವತ್ತ ಯಾಕ ಹೇಳಲಿಲ್ರಿ?"

"ನೀವು ನಂಬಿ ಕೊಟ್ಟಿದ್ದು ನನಗ, ಗುರುಪಾದಗಲ್ಲ."

"ನಿಮ್ಮನ್ನ ಹಾಳ ಮಾಡಬೇಕಂತನ ನಾ ನಕ್ಕೋತ ಮಾತಾಡೇನಿ..."

"ಅದಕ್ಕ ಸಿಟ್ಟು ಬಂದೈತಿ! ನಾ ಅವತ್ತ ಮನಸಿನ ಮಾತು ಹೇಳಬೇಕಂತ ಹೊಸಾ ಅಂಗಿ ಹಾಕ್ಕೊಂಡ ಬಂದಿದ್ದೆ!"

ಅವಳ ಕಣ್ಣು ತುಂಬಿತು. "ಸೇಡು ತೀರಿಸ್ಕೊಳ್ರಿ."

"ತೀರಿಸ್ಕೋತೇನಿ. ಒಳಗ ನಲವತ್ತು ಕ್ಯಾಸೆಟ್ ಅದಾವ. ರವಿವಾರಕ್ಕೊಮ್ಮೆ ಬಂದು ಬೂಸ್ಟು ಒರಸಬೇಕು."

"ನಿಮ್ಮ ಸಿಟ್ಟು ಇಳದ ಮ್ಯಾಲೆ... ಬರೂದು ಬ್ಯಾಡೇನ್ರಿ?"

"ಬ್ಯಾಡ." ಅವನು ಮೆಲ್ಲಗೆ ಅವಳ ಕೈ ಹಿಡಿದ. "ಆಮ್ಯಾಲೆ ಇಲ್ಲೇ ಇರು, ಧನಶ್ರೀ..."