ಕತ್ತಲಲ್ಲಿ ಕೂಡುವ ದಾರ

"ಈ ಪರದೆ ಎತ್ತಿದ ಪುಣ್ಯಾತ್ಮ ಯಾರು?"

ಪ್ರಯೋಗಶಾಲೆಯ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ರೆನ್ಸ್ಕೆ ಕೇಳಿದ್ದು ಕಿಟಕಿಯನ್ನೋ, ಮೇಜನ್ನೋ, ಮೇಜಿನ ಮೇಲಿದ್ದ ಗಾಜಿನ ಸೀಸೆಯನ್ನೋ ಅವಳಿಗೇ ತಿಳಿಯದು. ಚಳಿಗಾಲವಿಡೀ ಗ್ರೋನಿಂಗನ್ ನಗರಕ್ಕೆ ಮುಖ ತೋರಿಸದ ಬಿಸಿಲು, ಇವತ್ತೇ ನೆನಪು ಮಾಡಿಕೊಂಡು ಬಂದು ಆ ಸೀಸೆಯ ಮೇಲೆ ಹಾಯಾಗಿ ಕೂತಿತ್ತು.

ನೋಡುವವರಿಗೆ ಸೀಸೆಯಲ್ಲಿದ್ದದ್ದು ಬರೀ ನೀರು. ಆ ನೀರಿನಲ್ಲಿ ಅವಳು ಇಡೀ ಚಳಿಗಾಲ ಕೂತು ತಯಾರಿಸಿದ ಅಣುಗಳಿದ್ದವು. ಕತ್ತಲೆಯಲ್ಲಿ ಬಿಟ್ಟರೆ, ಯಾರೂ ಹೇಳಿಕೊಡದೆ, ಒಂದರ ಪಕ್ಕ ಒಂದು ಬಂದು ನಿಂತು ಕಣ್ಣಿಗೆ ಕಾಣದ ಎಳೆಗಳಾಗುತ್ತಿದ್ದವು. ಎಳೆಗಳನ್ನು ಸೇರಿಸಿ ಎಳೆದರೆ ದಾರ. ಆ ದಾರಕ್ಕೆ ಬೆಳಕು ತೋರಿಸಿದರೆ ಅದು ಬೆಳಕಿನ ಕಡೆಗೆ ಮೆಲ್ಲಗೆ ಕತ್ತು ಬಾಗಿಸುತ್ತಿತ್ತು. ಆದರೆ ದಾರವಾಗುವ ಮೊದಲೇ ಬೆಳಕು ಬಿತ್ತೋ, ಅಣುಗಳು ಮೈ ತಿರುಚಿಕೊಂಡು ಒಂದರ ಕೈ ಒಂದು ಬಿಟ್ಟುಬಿಡುತ್ತಿದ್ದವು.

ಅವಳು ಸಿರಿಂಜಿನಲ್ಲಿ ಒಂದಿಷ್ಟು ತೆಗೆದು ಉಪ್ಪುನೀರಿನ ತಟ್ಟೆಯೊಳಗೆ ಎಳೆದು ನೋಡಿದಳು. ದಾರ ಬರಲಿಲ್ಲ. ಒಡೆದ ಹಾಲಿನ ಹಾಗೆ ಚೂರುಚೂರಾಗಿ ತೇಲಿತು.

"ನಾನು."

ಬಾಗಿಲಲ್ಲಿ ಸೀಬ್ರೆನ್ ನಿಂತಿದ್ದ. ಸೈಕಲ್ ತುಳಿದು ಬಂದ ಚಳಿಗೆ ಕಿವಿ ಎರಡೂ ಕೆಂಪಗಾಗಿದ್ದವು. ಮೈಮೇಲೆ ಕಪ್ಪು ಕೋಟು, ಕೈಯಲ್ಲಿ ಕಾಗದ ಸುತ್ತಿದ ಸಕ್ಕರೆ ಬ್ರೆಡ್ಡು. ಪಕ್ಕದ ಕೋಣೆಯ ಸೂಕ್ಷ್ಮದರ್ಶಕದ ಮುಂದೆ ಕೂರುವ ಈ ಹುಡುಗ ಕಳೆದ ವಾರವೆಲ್ಲ ಕಾಣೆಯಾಗಿದ್ದ. ಫೋನ್ ಎತ್ತಿರಲಿಲ್ಲ. ಅವನನ್ನು ಕಂಡೊಡನೆ ಅವಳ ಎದೆ, ಹೇಳದೆ ಕೇಳದೆ, ಒಂದು ಸಲ ಹಾರಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ನಾನು ಅಂದ್ರೆ ಏನರ್ಥ?"

"ಪರದೆ. ನಾನೇ ಎತ್ತಿದ್ದು. ಬೆಳಿಗ್ಗೆ ನಿನ್ನ ಹುಡುಕಿಕೊಂಡು ಬಂದೆ. ನೀನಿರಲಿಲ್ಲ."

"ಬಾಗಿಲ ಮೇಲೆ ಕೆಂಪು ದೀಪ ಉರೀತಾ ಇತ್ತಲ್ಲ, ಅದು ಕ್ರಿಸ್‌ಮಸ್ ಅಲಂಕಾರ ಅಂದ್ಕೊಂಡ್ಯಾ?"

"ಕಾಣ್ತು. ಕೈ ಪರದೆ ಎತ್ತಿಬಿಟ್ಟ ಮೇಲೆ ಕಾಣ್ತು. ಅಷ್ಟರಲ್ಲಿ ಬಿಸಿಲು ಬಿದ್ದಾಗಿತ್ತು."

"ನಾಳೆ ಪ್ರೊಫೆಸರ್ ಮುಂದೆ ಏನು ತೋರಿಸ್ಲಿ? ನಿನ್ನ ಕೈ ತೋರಿಸ್ಲಾ? ನೋಡಿ ಸರ್, ಇದೇ ಆ ಕೈ ಅಂತ?"

ಅವನು ನಿಜವಾಗಿಯೂ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು.

"ಲ್ಯಾಬಿಗೆ ಕಾಲಿಟ್ಟ ಯಾರೂ ಈ ತಪ್ಪು ಮಾಡಲ್ಲ ಕಣೋ. ಮೊದಲನೇ ವರ್ಷದ ಮಕ್ಕಳೂ ಮಾಡಲ್ಲ. ನಿನ್ನ ತಲೇಲಿ ಏನಿತ್ತು?"

ಸೀಬ್ರೆನ್ ಬ್ರೆಡ್ಡನ್ನು ಮೇಜಿನ ಅಂಚಿಗಿಟ್ಟ. ಜೋರಾಗಿ ಮಾತಾಡುವವರ ಮುಂದೆ ಅವನ ದನಿ ಇನ್ನೂ ತಗ್ಗುತ್ತಿತ್ತು.

"ಅಜ್ಜ ಹೋಗಿಬಿಟ್ರು, ರೆನ್ಸ್ಕೆ. ಮಣ್ಣು ಮಾಡೋವರೆಗೂ ಬೀದಿ ಕಡೆಯ ಪರದೆಯೆಲ್ಲ ಮುಚ್ಚಿತ್ತು. ನಮ್ಮೂರಲ್ಲಿ ಹಗಲು ಪರದೆ ಮುಚ್ಚಿದ್ರೆ ಒಳಗೆ ಹೆಣ ಇದೆ ಅಂತ. ಆ ಮಬ್ಬಲ್ಲೇ ಅಷ್ಟು ದಿನ ಕೂತಿದ್ದೆ. ಇಲ್ಲಿಗೆ ಬಂದ್ರೆ ಇಲ್ಲೂ ಮುಚ್ಚಿತ್ತು. ಯೋಚನೆ ಮಾಡ್ಲಿಲ್ಲ. ಎತ್ತಿಬಿಟ್ಟೆ."

ಅವಳ ಕೈಯಲ್ಲಿದ್ದ ಸಿರಿಂಜು ಕೆಳಗಿಳಿಯಿತು. ಊಟವಾದ ಮೇಲೆ ದಿನವೂ ದಾವೀದನ ಕೀರ್ತನೆ ಹೇಳುತ್ತಿದ್ದ ಅಜ್ಜ. ಕಣ್ಣು ಹೋದ ಮೇಲೂ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡೇ ಬಾಯಿಪಾಠ ಹೇಳುತ್ತಿದ್ದ ಅಜ್ಜ. ಆ ಅಜ್ಜನ ದನಿಯನ್ನು ಸೀಬ್ರೆನ್ ಅನುಕರಿಸಿ ತೋರಿಸಿದ್ದ, ಅದೂ ಭಕ್ತಿಯಿಂದ. ಅವರನ್ನು ನೋಡದೆಯೇ ಅವಳಿಗೆ ಅವರ ಕೆಮ್ಮು ಕೂಡ ಗೊತ್ತಿತ್ತು.

ದುಃಖವಾಯಿತು. ಆದರೆ ದುಃಖದ ಬೆನ್ನಿಗೇ ಸಿಟ್ಟು, ಮೊದಲಿನದಕ್ಕಿಂತ ದೊಡ್ಡದು, ಎದ್ದು ನಿಂತಿತು.

"ಇದನ್ನ ನನಗೆ ಈಗ ಹೇಳ್ತಿದ್ದೀಯ?"

"ಮನೆ ತುಂಬ ಜನ ಇದ್ರು..."

"ಜನ ಇದ್ರು. ಅವರ ಮುಂದೆ ನನ್ನ ಹೆಸರು ಹೇಳೋಕಾಗಲ್ಲ. ರೈಲ್ವೆ ಸ್ಟೇಷನ್ ಬಂದ ಕೂಡಲೇ ನನ್ನ ಕೈ ಬಿಡ್ತೀಯಲ್ಲ, ಯಾರೋ ನಿಮ್ಮೂರಿನವರು ನೋಡಿಬಿಟ್ಟಾರು ಅಂತ. ಒಂದು ವರ್ಷದಿಂದ ನೋಡ್ತಿದ್ದೀನಿ. ನಿಮ್ಮಮ್ಮನಿಗೆ ನಾನು ಇದ್ದೀನಿ ಅಂತಾದ್ರೂ ಗೊತ್ತಾ?"

ಅವನು ಬ್ರೆಡ್ಡಿನ ಕಾಗದದ ಅಂಚನ್ನು ಮಡಿಸಿ ಬಿಚ್ಚಿದ.

"ನಮ್ಮ ಮನೇಲಿ ರಾತ್ರೀನೂ ಪರದೆ ಹಾಕಲ್ಲ, ಮುಚ್ಚಿಡೋಕೆ ನಮ್ಮಲ್ಲಿ ಏನೂ ಇಲ್ಲ ಅಂತ ಎಷ್ಟು ಜಂಬದಿಂದ ಹೇಳಿದ್ದೆ! ಹಾಗಾದ್ರೆ ನಾನೇನು? ನನ್ನನ್ನ ಎಲ್ಲಿಟ್ಟಿದ್ದೀಯ?"

"ನೀನು ಚರ್ಚಿಗೆ ಬರೋಳಲ್ಲ. ಅವರು ನಿನಗೇನಾದ್ರೂ ಅಂದ್ರೆ ಅಂತ..."

"ನನ್ನ ಕಾಪಾಡ್ತಿದ್ದೆ ಅನ್ನು! ದೊಡ್ಡ ಉಪಕಾರ." ಅವಳು ಸೀಸೆಯನ್ನು ಎತ್ತಿ ಅವನ ಮುಖದ ಮುಂದೆ ಹಿಡಿದಳು. "ಕೇಳಿಸ್ಕೋ. ಇವುಗಳಿಗೆ ಕತ್ತಲೆ ಬೇಕು. ಮತ್ತೆ ಕತ್ತಲಲ್ಲಿಟ್ಟು ಬಿಸಿ ಮಾಡಿದ್ರೆ ನಿಧಾನಕ್ಕೆ ಸರಿಹೋಗ್ತವೆ. ನಾಳೆ ಆಗಲಿಲ್ಲ ಅಂದ್ರೆ ಮುಂದಿನ ತಿಂಗಳು ತೋರಿಸ್ತೀನಿ, ಬೈಸ್ಕೋತೀನಿ. ಆದ್ರೆ ನನಗೆ ಕತ್ತಲೆ ಬೇಡ ಸೀಬ್ರೆನ್. ಇನ್ನೊಂದು ದಿನವೂ ಬೇಡ. ನನ್ನನ್ನ ನಿಮ್ಮ ಮನೆಗೆ ಕರ್ಕೊಂಡು ಹೋಗೋಕಾಗಲ್ಲ ಅಂದ್ರೆ ಈಗಲೇ ಹೇಳು. ಬ್ರೆಡ್ಡೂ ತಗೊಂಡು ಹೋಗು."

ಕಾಫಿ ಕುಡಿಯಲು ಹೊರಟವರ ನಗು ಹೊರಗಿನ ಓಣಿಯಲ್ಲಿ ಕೇಳಿಸಿ ದೂರವಾಯಿತು.

ಅವನು ಅವಳನ್ನು ನೋಡಿದ. ಯಾವಾಗಲೂ ಒಮ್ಮೆ ನೋಡಿ ನೆಲಕ್ಕಿಳಿಯುವ ಆ ಬೂದುಗಣ್ಣು ಇವತ್ತು ಇಳಿಯಲಿಲ್ಲ. ಅವಳ ಹಣೆಯ ಮೇಲೆ ಅಂಟಿದ್ದ ಕೂದಲು, ಕಚ್ಚಿ ಹಿಡಿದ ತುಟಿ, ಸಿಟ್ಟಿಗೆ ಅರಳಿದ ಮೂಗು ಎಲ್ಲವನ್ನೂ ಓದುವವನಂತೆ ನೋಡಿ, ಜೇಬಿನಿಂದ ಫೋನ್ ತೆಗೆದ. ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಮೆಮ್," ಅಂದ. ಅಮ್ಮನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಭಾನುವಾರ ಬರ್ತೀನಿ. ಜೊತೆಗೆ ರೆನ್ಸ್ಕೆ ಬರ್ತಾಳೆ."

"ಯಾರಪ್ಪಾ ರೆನ್ಸ್ಕೆ?"

"ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ."

ರೆನ್ಸ್ಕೆ ತಟ್ಟನೆ ತಲೆ ಎತ್ತಿದಳು. ಇದನ್ನು ಅವಳಿಗೂ ಅವನು ಹೇಳಿರಲಿಲ್ಲ. ಅದಕ್ಕೊಂದು ಬೇರೆ ಜಗಳ ಆಡಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಳು.

ಆ ಕಡೆ ಕಪ್ಪಿನಲ್ಲಿ ಚಮಚ ಆಡುವ ಸದ್ದು ನಿಂತಿತು. "ಚರ್ಚಿಗೆ ಹೋಗೋ ಹುಡುಗೀನಾ?"

"ಅಲ್ಲ, ಮೆಮ್."

ಕಪ್ಪನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಬಂದ ದನಿಯಲ್ಲಿ ಕೋಪವಿರಲಿಲ್ಲ, ಬರೀ ದಣಿವಿತ್ತು. "ಸಾವಾದ ಮನೆ, ಕಂದಾ. ನಿನ್ನ ಚಿಕ್ಕಪ್ಪಂದಿರೆಲ್ಲ ಬರ್ತಾರೆ. ನನಗೆ ಯಾರಿಗೂ ಉತ್ತರ ಕೊಡೋ ಶಕ್ತಿ ಇಲ್ಲ. ಈ ಸಲ ಒಬ್ಬನೇ ಬಾ. ನಿನಗೆ ಕೈ ಮುಗಿದು ಕೇಳ್ಕೋತೀನಿ."

ಹುಟ್ಟಿದಾಗಿನಿಂದ ಅಮ್ಮನಿಗೆ ಎದುರು ಮಾತಾಡದ ಸೀಬ್ರೆನ್ ಕಣ್ಣು ಮುಚ್ಚಿಕೊಂಡ. ಮೇಜಿನ ಮೇಲೆ ತಡಕಾಡಿ ರೆನ್ಸ್ಕೆಯ ಕೈ ಹಿಡಿದ. ಅವಳಿನ್ನೂ ಸಿಟ್ಟಿನಲ್ಲೇ ಇದ್ದಳು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ಇಲ್ಲ, ಮೆಮ್," ಅಂದ. "ಒಬ್ಬನೇ ಬರಲ್ಲ."