ಬಿಚ್ಚದ ವಾಚು

ಶನಿವಾರ ಮುಂಜಾನೆ ಒಂಬತ್ತಕ್ಕೆ ಗುರುಲಿಂಗಪ್ಪನ ಮೋಟರ್‌ಸೈಕಲ್ ಸಿಂದಗಿ ರಸ್ತೆಯ ಕಾಲುವೆ ದಂಡೆಯ ಮೇಲೆ ಸಿಕ್ಕಿತು. ಗುರುಲಿಂಗಪ್ಪ ಸಿಗಲಿಲ್ಲ. ಅವನ ಎದೆಬಡಿತ ಮಾತ್ರ ಹೆಂಡತಿ ಸುನಂದಾಳ ಮೊಬೈಲಿನಲ್ಲಿತ್ತು — ಎಪ್ಪತ್ತೆಂಟು, ಎಪ್ಪತ್ತಾರು, ಎಂಬತ್ತು.

ಹೋದ ವರ್ಷ ಗಂಡನಿಗೆ ಸ್ಟೆಂಟ್ ಹಾಕಿದ ಮೇಲೆ ಆಕೆ ಹಟ ಹಿಡಿದು ಕೊಡಿಸಿದ ವಾಚು ಅದು. ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿನ ಸಿಮ್ ಕಂಪನಿಯ ಅಂಗಡಿಯಲ್ಲಿ ತಿಂಗಳ ರೀಚಾರ್ಜಿನ ಜೊತೆಗೇ ಸಿಕ್ಕಿತ್ತು. ಸಿಮ್ಮು ವಾಚಿನೊಳಗೇ, ಕಟ್ಟಿಕೊಂಡವನು ಎಲ್ಲೇ ಇರಲಿ, ಬಡಿತ ಹೆಂಡತಿಗೆ ಬಂದು ಮುಟ್ಟುತ್ತದೆ. ಒಂದು ತಾಸು ಬಡಿತ ಕಾಣದಿದ್ದರೆ ಮೊಬೈಲು ಕೂಗಿಕೊಳ್ಳುತ್ತದೆ. ನೀರು ಹಾಯಿಸುವಾಗ ಮುಳುಗಿತ್ತು, ಸಲಿಕೆಯ ಏಟು ತಿಂದಿತ್ತು. ಗಾಜಿಗೆ ಒಂದು ಗೀರು ಬಿದ್ದದ್ದು ಬಿಟ್ಟರೆ ಕೆಟ್ಟಿರಲಿಲ್ಲ.

ಅದನ್ನು ನಂಬಿಯೇ ಆಕೆ, ಹಗ್ಗ ಹಿಡಿದು ಹೊರಟ ಓಣಿಯವರ ಮೇಲೆ ರೇಗಿದ್ದಳು. "ಜೀವಂತ ಅದಾರ. ಬಾವಿ ಯಾಕ ನೋಡ್ತೀರಿ?" ಅವರು ಮನೆಗೆ ಹೋದರು.

ಸೋಮವಾರ ಬಂತು. ಆವತ್ತು ಗುರುಲಿಂಗಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ದೇವರ ಹಿಪ್ಪರಗಿ ರಸ್ತೆಯಲ್ಲಿ ಒಬ್ಬ ಹುಡುಗಿಯನ್ನು ಬಲಿ ತೆಗೆದುಕೊಂಡದ್ದು ರೇವಪ್ಪನ ಟ್ರ್ಯಾಕ್ಟರು. ಕಣ್ಣಾರೆ ಕಂಡವನು ಗುರುಲಿಂಗಪ್ಪ ಒಬ್ಬನೇ. ಸಾಕ್ಷಿಗೆ ಹೆದರಿ ಓಡಿಹೋದ ಎಂದು ಊರು ತೀರ್ಪು ಕೊಟ್ಟಾಗಿತ್ತು. ಊರಿಗೇನು, ಬಾಯಿ ಇದೆ. ಆದರೆ ಓಡಿಹೋದವನು ಹೆಂಡತಿಯ ಫೋನು ಎತ್ತುವುದಿಲ್ಲವೇ? 

ಪಿಎಸ್‌ಐ ಪಲ್ಲವಿ ಆರೋಪಿ ರೇವಪ್ಪನನ್ನೂ ಕರೆದುಕೊಂಡೇ ಮನೆಗೆ ಬಂದಳು. ಪಡಸಾಲೆಯಲ್ಲಿ ಸುನಂದಾಳ ತಮ್ಮ ಸಿದ್ದಾರೂಢ ಕುಳಿತಿದ್ದ. ಎರಡು ದಿನದಿಂದ ಅಕ್ಕನಿಗೆ ಧೈರ್ಯ ಹೇಳುತ್ತಿದ್ದವನು ಅವನೇ. ಮುಂಗೈಗೆ ಅರಿಶಿನ ಹಚ್ಚಿದ ಬಟ್ಟೆ ಸುತ್ತಿಕೊಂಡಿದ್ದ.

"ವಾಚಿನ ಜಾಗ ತೋರಿಸೂದನ್ನ ಯಾರೋ ಬಂದ್ ಮಾಡ್ಯಾರ," ಎಂದಳು ಪಲ್ಲವಿ. "ಟವರ್ ಈ ಕಡೀದ. ಅದರಾಗ ಹತ್ತು ಹಳ್ಳಿ ಬರ್ತಾವ. ಅಕ್ಕಾರ, ಅವರು ವಾಚ್ ಬಿಚ್ಚತಿದ್ರೇನ್ರಿ?"

"ಇಲ್ರಿ. ಜಳಕಾ ಮಾಡೂಮುಂದ ಸೈತ ಬಿಚ್ಚಂಗಿಲ್ಲ. ನೀರಿಗೆ ಏನೂ ಆಗಂಗಿಲ್ಲ ಅಂತ ಅಂಗಡ್ಯಾವರು ಹೇಳಿದ್ರು, ಆವತ್ತ ತಮ್ಮನೂ ಜೋಡಿ ಇದ್ದ."

ಪಲ್ಲವಿ ಮೊಬೈಲು ಇಸಿದುಕೊಂಡು ಹಿಂದಿನ ದಿನಗಳ ಬಡಿತದ ಗೆರೆಗಳನ್ನು ನೋಡುತ್ತ ಹೋದಳು. "ಮತ್ತ ದಿನಾ ಮುಂಜಾನೆ ಆರಕ್ಕ, ಅರ್ಧಾ ತಾಸು ಗೆರಿನ ಇಲ್ಲಲ್ಲ?"

 ಆ ಹೊತ್ತಿಗೆ ಸುನಂದಾ ದಿನವೂ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ. "ಲಿಂಗಪೂಜಿ ಹೊತ್ತರಿ ಅದು. ಎಡಗೈಯಾಗ ಲಿಂಗ ಹಿಡೀತಾರಲ್ರಿ, ಪೂಜಿಯೊಳಗ ಆ ಕೈಯಾಗ ವಾಚ್ ಇರಬಾರದಂತ ಬಿಚ್ಚಿಡತಾರ. ನಾ ಮರತ ಬಿಟ್ಟಿದ್ದೆ."

"ಪೂಜಿ ತಪ್ಪಸ್ತಾರೇನ್ರಿ?"

"ದವಾಖಾನ್ಯಾಗೂ ತಪ್ಪಿಸಿಲ್ರಿ."

"ಶನಿವಾರ ಗೆರಿ ಕಡದೈತಿ. ನಿನ್ನೆ ಕಡದಿಲ್ಲ. ಇವತ್ತೂ ಕಡದಿಲ್ಲ."

ಹಾಗಾದರೆ ಈ ಬಡಿತ ಯಾರದು?  ಪಲ್ಲವಿ ಮೊಬೈಲನ್ನು ಸುನಂದಾಳ ಕೈಗೇ ಕೊಟ್ಟಳು. "ಅಂಕಿ ನೋಡಕೋತ ಕುಂದರ್ರಿ. ಮಾತಾಡಬ್ಯಾಡ್ರಿ."

ಅಂಕಿ ಎಂಬತ್ತನಾಲ್ಕು ಇತ್ತು.

"ರೇವಪ್ಪ, ಗುರುಲಿಂಗಪ್ಪ ಬರದಿದ್ರ ನಿಮಗ ಚಲೋ ಆತಲ್ಲ?"

"ಯಾರ ಹೇಳಿದ್ರಿ? ಶುಕ್ರವಾರ ಮನಿಗೆ ಬಂದಿದ್ರು. 'ಟ್ರ್ಯಾಕ್ಟರ್ ನಿಂದು ಖರೆ, ಹೊಡದಾವ ನೀ ಅಲ್ಲ. ಕೋರ್ಟಿನ್ಯಾಗ ಹೇಳ್ತೇನಿ' ಅಂದ್ರು. ಕೀಲಿ ಯಾವಾಗ್ಲೂ ಗಾಡ್ಯಾಗ ಇರತೈತ್ರಿ, ಯಾರ ಒಯ್ದಿದ್ರೋ ನನಗ ಗೊತ್ತಿಲ್ಲ. ಅವರು ಬರದಿದ್ರ ಜೈಲಿಗೆ ಹೋಗಾವ ನಾನು."

ಎಂಬತ್ತೊಂಬತ್ತು.

"ಸಿದ್ದಾರೂಢ, ಅವತ್ತು ಟ್ರ್ಯಾಕ್ಟರ್ ಯಾರು ಒಯ್ದಿದ್ರು?"

"ನನಗೇನ್ ಗೊತ್ರಿ?"

ನೂರಾ ಆರು.

"ಕೈಗೇನಾಗೈತಿ?"

"ಜ್ಯಾಕ್ ಜಾರಿ ಬಡೀತ್ರಿ."

"ಯಾವತ್ತು?"

"ಶನಿವಾರ..."

ನೂರಾ ಇಪ್ಪತ್ತೇಳು. ಸುನಂದಾ ತಲೆ ಎತ್ತಿ ತಮ್ಮನ ಮುಖ ನೋಡಿದಳು. ತಾನೇ ಎತ್ತಿ ಆಡಿಸಿದವನ ಮುಖ. ಆಕೆಗೆ ಅವನ ಹತ್ತಿರ ಕುಳಿತುಕೊಳ್ಳಲೂ ಭಯವಾಯಿತು.

"ಬಟ್ಟಿ ಬಿಚ್ಚು," ಎಂದಳು ಪಲ್ಲವಿ.

ಅವನು ಅಲುಗಲಿಲ್ಲ. ಜೊತೆಗೆ ಬಂದಿದ್ದ ಪೇದೆ ಬಟ್ಟೆ ಬಿಚ್ಚಿದ. ಗೀರು ಬಿದ್ದ ಗಾಜಿನ ಕೆಳಗೆ ವಾಚು ಹಸಿರಾಗಿ ಮಿನುಗುತ್ತಿತ್ತು.

"ಟ್ರ್ಯಾಕ್ಟರ್ ಹೊಡದಾವ ಅಂತ ನಿಮ್ಮ ಮಾಮಾ ಕೋರ್ಟಿನ್ಯಾಗ ಹೇಳಾವಿದ್ದ ಹೆಸರು ನಿಂದ," ಪಲ್ಲವಿ ಹೇಳಿದಳು. "ವಾಚ್ ತರೂಮುಂದ ಅಂಗಡ್ಯಾಗ ನೀನೂ ಇದ್ದಿ. ಬಡಿತ ನಿಂತ್ರ ತಾಸಿನೊಳಗ ಊರೆಲ್ಲ ಹುಡುಕತೈತಿ ಅಂತ ನಿನಗ ಗೊತ್ತಿತ್ತು. ಅದಕ್ಕ ನಿನ್ನ ಕೈಗೆ ಕಟಗೊಂಡಿ. ಓಡಿಹೋಗ್ಯಾನ ಅಂತ ಜನ ನಂಬಿದ್ರು. ಆದ್ರ ಪೂಜಿ ಹೊತ್ತಿಗೆ ಬಿಚ್ಚಿಡಬೇಕು ಅಂತ ನಿನಗ ಹೊಳೀಲಿಲ್ಲ. ಕೊರಳಾಗ ನಿನಗೂ ಲಿಂಗ ಐತಿ. ಪೂಜಿ ಬಿಟ್ಟು ಎಷ್ಟು ವರ್ಷ ಆತು?"

"ಮಾಮಾ ಎಲ್ಲಿ ಅದಾರೋ?" ಸುನಂದಾ ಕೇಳಿದಳು.

"ಕಬ್ಬಿನ ಹೊಲದಾಚಿ... ಹಾಳಬಾವ್ಯಾಗ. ಸಿಟ್ಟಿನಾಗ ತಲಿಗೆ ಹೊಡದೆ, ಅಕ್ಕಾ."

ಪಲ್ಲವಿ ಆಗಲೇ ಜೀಪಿನ ಕಡೆಗೆ ಓಡಿದ್ದಳು.

"ಬಾವ್ಯಾಗ ದಬ್ಬೂಮುಂದ ಜೀವ ಇತ್ತೇನು?" ಸುನಂದಾ ತಮ್ಮನನ್ನು ಮತ್ತೆ ಕೇಳಿದಳು.

 ಸುನಂದಾಳ ಅಂಗೈಯಲ್ಲಿ ಅಂಕಿ ನೂರಾ ನಲವತ್ತು ದಾಟಿ ಮೇಲೇರುತ್ತಲೇ ಹೋಯಿತು. ಹಗ್ಗ ಹಿಡಿದು ಬಾಗಿಲಿಗೆ ಬಂದವರನ್ನು ತಿರುಗಿ ಕಳಿಸಿದವಳು ತಾನೇ.