ಭಂಡಾರದ ಚೀಲದ ಕಾರ್ಡು

ಸಿದ್ದಲಿಂಗ ಭಂಡಾರದ ಚೀಲ ಬಿಚ್ಚಿ ಸುರಿದ. ದೇವರ ಅರಿಶಿನವಿತ್ತು, ಯಾವಾಗಲೂ ಅದರಲ್ಲೇ ಇಡುತ್ತಿದ್ದ ಕಾರ್ಡು ಇರಲಿಲ್ಲ.

ಅತನೂರಿನ ಆ ಮನೆಯ ಹಿರಿಯ ಬೀರಲಿಂಗಪ್ಪನಿಗೆ ಎದೆನೋವು. ಅಫಜಲಪುರಕ್ಕೆ ಒಯ್ಯಲು ಖಲೀಲ ಅವನನ್ನು ಒಳಗಿನಿಂದ ಎತ್ತಿ ತಂದು ಆಟೋದಲ್ಲಿ ಕೂರಿಸಿದ್ದ; ಆಟೋ ಬಾಗಿಲಲ್ಲೇ ನಿಂತಿತ್ತು. ಸರ್ಕಾರದ ಆರೋಗ್ಯ ಕಾರ್ಡಿಲ್ಲದೆ ದವಾಖಾನೆಯಲ್ಲಿ ಯಾರು ಮುಟ್ಟುತ್ತಾರೆ ಎಂದು ಮಗ ಸಿದ್ದಲಿಂಗ ಮನೆಯನ್ನೆಲ್ಲ ಜಾಲಾಡಿದ. ಹುಡುಕುತ್ತಿರುವಾಗಲೇ ಮುದುಕ ಆಟೋದಲ್ಲಿ ತೀರಿಹೋದ.

ಹೆಣದ ಮುಂದೆಯೇ ಸಿದ್ದಲಿಂಗ ಖಲೀಲನ ಕೊರಳಪಟ್ಟಿ ಹಿಡಿದ. "ಹೊರಗಿನವ ಒಳಗ ಬಂದಿದ್ದು ನೀ ಒಬ್ಬನೇ! ಎಲ್ಲಿಟ್ಟಿ ಹೇಳಲೇ!"

ಬಿಡಿಸಿದವರು ಪಕ್ಕದ ಮನೆಯ ನಿವೃತ್ತ ಜಮಾದಾರ ಶರಫುದ್ದೀನ. ಪೊಲೀಸ್ ಕೆಲಸ ಬಿಟ್ಟರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ.

"ಆ ಚೀಲ ಯಾರ್ಯಾರು ಮುಟ್ತೀರಿ?"

"ಮಾವನೋರು ಒಬ್ರೇ ರೀ, ಅದೂ ಜಳಕಾ ಮಾಡಿ" ಎಂದಳು ಸೊಸೆ ಶಿವಕಾಂತಾ. "ಮೊನ್ನೆ ನೋವು ಶುರುವಾದ ಮ್ಯಾಲ ಜಳಕಾನೂ ಇಲ್ಲ, ಪೂಜಿನೂ ಇಲ್ಲ."

ಶರಫುದ್ದೀನ ಖಲೀಲನ ಬೆರಳು ನೋಡಿದರು— ಆಯಿಲ್ ಮಸಿ, ಅಷ್ಟೇ. ಆಮೇಲೆ ಹೆಣದ ಬಲಗೈ ಎತ್ತಿದರು. ಉಗುರಿನ ಸಂದಿಯಲ್ಲಿ ಹಳದಿ!

"ನೀವು ಹುಡುಕಾಕತ್ತಿದಾಗ ಇವ್ರು ಏನಂದ್ರು?"

"'ಸಾಕ ಬಿಡ್ರಿ' ಅಂದ್ರು" ಎಂದಳು ಮುದುಕನ ಹೆಂಡತಿ ಸಾಬಮ್ಮ. "ಮೊನ್ನೆನೂ ಅಂದಿದ್ರು— 'ಕಾರ್ಡಿನ ರೊಕ್ಕ ನಾ ಖರ್ಚ ಮಾಡಿದ್ರ ಕೂಸಿಗಿ ಏನ ಉಳೀತದ?'"

ಕೂಸು ಎಂದರೆ ಮೊಮ್ಮಗಳು ಅಮೃತ. ಹೃದಯದಲ್ಲಿ ರಂಧ್ರ, ಬೇಸಿಗೆಯಲ್ಲಿ ಆಪರೇಷನ್. ಶರಫುದ್ದೀನ ಒಳಗೆ ಹೋಗಿ ಅವಳ ಕೌದಿ ಮಗುಚಿದರು. ಮೂಲೆಯಲ್ಲಿ ಹಳದಿ ಕಲೆ, ಪಕ್ಕದಲ್ಲಿ ಬಿಚ್ಚಿದ ಹೊಲಿಗೆ. ಒಳಗೆ ಬೆರಳು ಹಾಕಿದರೆ— ಕಾರ್ಡು. ಅದನ್ನು ಹೆಣದ ಬಳಿ ತಂದರು.

"ಬಚ್ಚಿಟ್ಟವ ನಿಮ್ಮಪ್ಪ, ಸಿದ್ದಲಿಂಗ. ಇವತ್ತ ಚೀಲ ಸುರಿದ ನಿನ್ನ ಕೈ ಬಿಟ್ರ, ಹಳದಿ ಬೆರಳು ಇವರದೊಂದೇ. ಜಳಕಾ ಇಲ್ಲದವರ ಕೈ ಭಂಡಾರದಾಗ ಯಾಕ ಹೋಯ್ತು? ಮನೀ ಎಲ್ಲಾ ಹುಡುಕಿದ್ರಿ, ಅವರ ಕೈ ಯಾರೂ ನೋಡ್ಲಿಲ್ಲ."

ಸಿದ್ದಲಿಂಗ ಅಪ್ಪನ ಕಾಲ ಬಳಿ ಕುಳಿತ. "ಕಾರ್ಡಿನ ಐದು ಲಕ್ಷ ಒಮ್ಮಿ ಮುಗದ್ರ ಮುಗೀತಲ್ರಿ... ಅಪ್ಪ ಅಂದಿದ್ದೂ ಖರೇನೇ—"

"ಖರೇ ಎಲ್ಲಿದೋ? ಪ್ರತಿ ವರ್ಷ ಮನೀಗಿ ಹೊಸದಾಗಿ ಐದು ಲಕ್ಷ ಬರ್ತದ. ನಿಮ್ಮಪ್ಪಗ ಇಷ್ಟು ಹೇಳಾಕ ಯಾರೂ ಇರ್ಲಿಲ್ಲೇನು?"

ಇರಲಿಲ್ಲ. ಕಾರ್ಡು ಹಂಚಿದ ದಿನ ಭಾಷಣವಿತ್ತು, ಶಾಲು ಇತ್ತು, ಫೋಟೋ ಇತ್ತು. ಈ ಒಂದು ಮಾತಿಗೆ ಮಾತ್ರ ಆ ದೊಡ್ಡವರಿಗೆ ಪುರಸೊತ್ತು ಸಿಗಲಿಲ್ಲ. ಥೂ!

ಸಾಬಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿದಳು.

"ರೊಕ್ಕ ಮತ್ತ ಬರ್ತದಂತ್ರಿ" ಎಂದಳು ಹೆಣಕ್ಕೆ. "ನೀವು ಯಾವಾಗ ಬರ್ತೀರಿ?"